ಬೆಟ್ಟ ಕಾಣುವ ತಿಂಗಳು

ನಮ್ಮ ಫೋಟೋ ಗುಂಪಿನಲ್ಲಿ ಒಂದು ನಿಯಮವಿದೆ. ಮಾಡಿದವನು ನಾನೇ. ಸಲಹೆ ಕೇಳುವವರು ಮೂರೇ ಸಾಲು ಬರೆಯಬೇಕು: ಎಲ್ಲಿಗೆ ಹೋಗುತ್ತೀರಿ, ಕೈಯಲ್ಲಿ ಯಾವ ಕ್ಯಾಮೆರಾ ಇದೆ, ಏನು ತೆಗೆಯಬೇಕು. ಅಷ್ಟೇ, ಮನೆ ಕಥೆ ಬೇಡ. ಇನ್ನೂರು ಜನರ ಗುಂಪು ಸ್ವಾಮಿ ಅದು! ಒಬ್ಬೊಬ್ಬರೂ ಭಾವಮೈದುನನ ಜಗಳ, ಮಗಳ ಪರೀಕ್ಷೆ, ತಮ್ಮ ಸೊಂಟನೋವು ಎಲ್ಲ ತೋಡಿಕೊಂಡು ಕೊನೆಗೆ ‘ಯಾವ ಲೆನ್ಸ್ ತಗೊಳ್ಳಲಿ’ ಅಂದರೆ ಓದುವವರ ಗತಿಯೇನು? ನನಗೆ ಮೊದಲೇ ತಾಳ್ಮೆ ಕಡಿಮೆ. ಹಗಲೆಲ್ಲ ಲ್ಯಾಬಿನಲ್ಲಿ ಕೂತು ಕಂಡವರ ಬಾಯಿಗೆ ಕಟ್ಟುಹಲ್ಲು ಮಾಡುವವನು ನಾನು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಹಲ್ಲು ಕೂರುವುದಿಲ್ಲ. ಮಾತೂ ಹಾಗೇ ಅಳತೆಯಲ್ಲಿರಬೇಕು ಎನ್ನುವುದು ನನ್ನ ಹಟ. ಅದಕ್ಕೇ ಗುಂಪಿನವರೆಲ್ಲ ನನ್ನನ್ನು ಮೇಷ್ಟ್ರು ಎನ್ನುತ್ತಾರೆ, ಅರ್ಧ ಗೌರವಕ್ಕೆ, ಅರ್ಧ ಗೇಲಿಗೆ.

ಹೋದ ಬೇಸಿಗೆಯಲ್ಲಿ ಬೈಂಡರ್ ಒಂದು ಸಂದೇಶ ಹಾಕಿದ. ಪ್ರಿಂಟಿಂಗ್ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಪುಸ್ತಕ ಬೈಂಡ್ ಮಾಡುವವನು, ನಲವತ್ತು ದಾಟಿದ ಸಂಕೋಚದ ಮನುಷ್ಯ. ಯಾರೋ ಬಳಸಿಬಿಟ್ಟ ಹಳೇ ಕ್ಯಾಮೆರಾ ಇಟ್ಟುಕೊಂಡಿದ್ದಾನೆ. ಅವನ ಫೋಟೋಗಳಲ್ಲಿ ಪ್ರಪಂಚವೇ ಸ್ವಲ್ಪ ಎಡಕ್ಕೆ ವಾಲಿರುತ್ತದೆ. ಎಷ್ಟು ಸಲ ಹೇಳಿದರೂ ‘ಸರಿ ಸಾರ್’ ಅಂತಾನೆ, ಮತ್ತೆ ವಾಲಿಸುತ್ತಾನೆ.

ಅವತ್ತಿನ ಸಂದೇಶ ಉದ್ದವಾಗಿತ್ತು. ಫೋನಿನಲ್ಲಿ ಮೇಲಿನ ಎರಡು ಮೂರು ಸಾಲು ಕಾಣುತ್ತಿತ್ತು: “ಎಲ್ಲರಿಗೂ ನಮಸ್ಕಾರ. ನಮ್ಮಕ್ಕ ನನ್ನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು. ಹಿಮದ ಬೆಟ್ಟ ಒಂದು ಸಲ ನೋಡಬೇಕು ಅಂತ ಅವಳಿಗೆ ಬಹಳ...” ಅದರ ಕೆಳಗೆ ‘ಇನ್ನಷ್ಟು ಓದಿ’ ಅಂತಿತ್ತು. ನಾನು ಒತ್ತಲಿಲ್ಲ. ಅಕ್ಕನ ಪುರಾಣ ಶುರುವಾಯಿತಲ್ಲಪ್ಪ ಅಂದುಕೊಂಡು ಆ ಸಂದೇಶವನ್ನೇ ಅಳಿಸಿದೆ. ಅಳಿಸಿ, “ಮೂರು ಸಾಲು, ಬೈಂಡರೇ” ಎಂದು ಬರೆದೆ.

ಹತ್ತು ನಿಮಿಷಕ್ಕೆ ಮೂರು ಸಾಲು ಬಂತು. ಸ್ಥಳ, ಹಿಮಬೆಟ್ಟ ಕಾಣುವ ಗುಡ್ಡ. ಕ್ಯಾಮೆರಾ, ಹಳೇದೇ. ತೆಗೆಯಬೇಕಾದ್ದು, ಬೆಟ್ಟ ಮತ್ತು ಅದರ ಮುಂದೆ ಅಕ್ಕ. ನಾಲ್ಕನೆಯದಾಗಿ ಹೆದರುತ್ತಲೇ ಸೇರಿಸಿದ್ದ: “ಮುಂದಿನ ವಾರ ಹೊರಡಬಹುದಾ ಸಾರ್? ಟಿಕೆಟ್ ಆಗಿದೆ.”

ಶುರುವಾಯಿತು ನೋಡಿ. ಔಷಧಿ ಅಂಗಡಿಯವನೊಬ್ಬ ನಮ್ಮ ಗುಂಪಿನಲ್ಲಿದ್ದಾನೆ, ಮಾರುಕಟ್ಟೆಗೆ ಬಂದ ಲೆನ್ಸನ್ನೆಲ್ಲ ಕೊಂಡು ಕಪಾಟಿನಲ್ಲಿ ಪೂಜೆಗಿಟ್ಟವನು. ಅವನು “ಮುಂದಿನ ವಾರವಾ? ಅಯ್ಯೋ, ತಲೆ ನೆಟ್ಟಗಿದ್ಯಾ?” ಅಂದ. ಬ್ಯಾಂಕಿನ ಮೇಡಂ ಟ್ರೈಪಾಡ್ ಒಯ್ಯಲೇಬೇಕೆಂದರು. ಇನ್ನೊಬ್ಬ ಬೇಡವೆಂದ. ಬ್ಯಾಗು ಬೆನ್ನಿಗೋ ಹೆಗಲಿಗೋ, ಬ್ಯಾಟರಿ ಎರಡೋ ಮೂರೋ, ಬೂಟಿಗೆ ಎರಡು ಜೊತೆ ಕಾಲುಚೀಲ ಸಾಕೋ ಸಾಲದೋ ಎಂದು ಮಧ್ಯಾಹ್ನದವರೆಗೆ ಕಿತ್ತಾಡಿದರು. ಕೊನೆಗೆ ನಾನು ಬಾಯಿ ಹಾಕಿದೆ. ಆ ಗುಡ್ಡಕ್ಕೆ ಆರು ಸಲ ಹೋಗಿ ಬಂದವನು, ನನ್ನ ಮಾತೇ ಕೊನೆಯ ಮಾತು.

ನಾನು ಬರೆದದ್ದು ಇನ್ನೂ ಫೋನಿನಲ್ಲಿದೆ: “ಬೇಸಿಗೆಯಲ್ಲಿ ಧೂಳಿನ ಮಬ್ಬು. ಬೆಳಗಿನ ಹೊತ್ತು ಅರ್ಧ ಗಂಟೆ ಕಣ್ಣಿಗೇನೋ ಕಾಣುತ್ತೆ, ಫೋಟೋಗೆ ಬರಲ್ಲ. ಹೋಗಿ ಪ್ರಯೋಜನವಿಲ್ಲ. ಮಳೆಗಾಲ ಕಳೀಲಿ. ಆಗ ಗಾಳಿ ತೊಳೆದ ಹಾಗಿರುತ್ತೆ, ಒಂದೊಂದು ಶಿಖರವನ್ನೂ ಎಣಿಸಬಹುದು.” ಮೂವತ್ತು ಜನ ಹೆಬ್ಬೆರಳೆತ್ತಿದರು. ಬೈಂಡರ್ ಉತ್ತರಿಸಿದ: “ಆಗಲಿ ಸಾರ್. ನೀವು ಹೇಳಿದ ಮೇಲೆ ಮುಗೀತು. ಟಿಕೆಟ್ ವಾಪಸ್ ಮಾಡ್ತೀನಿ.” ಒಬ್ಬನ ಪ್ರಯಾಣ ವ್ಯರ್ಥವಾಗುವುದನ್ನು ತಪ್ಪಿಸಿದೆನೆಂಬ ಹೆಮ್ಮೆಯಲ್ಲಿ ನಾನು ಊಟಕ್ಕೆ ಕೂತೆ.

ಮಳೆ ಹಿಡಿದು ಒಂದು ತಿಂಗಳಾಗಿತ್ತು. ನನ್ನ ನೂರು ಫೋಟೋಗಳನ್ನು ಆಲ್ಬಂ ಮಾಡಿಸೋಣವೆಂದು ಬೈಂಡರನ ಕೋಣೆಗೆ ಹೋದೆ. ಅಂಟಿನ ವಾಸನೆ, ಗೋಡೆಯುದ್ದಕ್ಕೂ ರಟ್ಟಿನ ಹಾಳೆಗಳು, ಮಧ್ಯೆ ಕಬ್ಬಿಣದ ಒತ್ತುಯಂತ್ರ. ಮೂಲೆಯಲ್ಲಿ ಹೆಂಗಸೊಬ್ಬಳು ಕೂತು ಪುಸ್ತಕದ ಬೆನ್ನಿಗೆ ಹೊಲಿಗೆ ಹಾಕುತ್ತಿದ್ದಳು. ಕೈ ಮಿಂಚಿನಂತೆ ಓಡುತ್ತಿತ್ತು, ಮುಖ ಮಾತ್ರ ಗೋಡೆಯ ಕಡೆಗಿತ್ತು.

“ಬಂದೋರು ಯಾರೋ?” ಅಂದಳು.

“ಮೇಷ್ಟ್ರು ಅಕ್ಕಾ, ಫೋಟೋ ಗುಂಪಿನೋರು.”

“ಓಹೋ! ಬೆಟ್ಟಕ್ಕೆ ಈಗ ಬೇಡ ಅಂದೋರಾ? ಬನ್ನಿ ಬನ್ನಿ. ನೀವು ಹೇಳಿದ್ರೆ ಇವನಿಗೆ ದೇವರೇ ಹೇಳಿದ ಹಾಗೆ. ನಾನು ಹೇಳಿದ್ರೆ ಮಾತ್ರ ಕಿವಿಗೆ ಹೋಗಲ್ಲ ನೋಡಿ.” ನಗುತ್ತಾ ಸೂಜಿಯನ್ನು ತಮ್ಮನತ್ತ ಚಾಚಿದಳು. ಅವನು ದಾರ ಪೋಣಿಸಿ ಅವಳ ಬೆರಳಿಗೆ ಕೊಟ್ಟ.

ನನ್ನ ಫೋಟೋಗಳ ಕಟ್ಟನ್ನು ಅವಳೇ ಕೇಳಿ ತೆಗೆದುಕೊಂಡಳು. ಮೇಲಿನದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ತಲೆಯನ್ನು ಓರೆ ಮಾಡಿ, ಸ್ವಲ್ಪ ಸರಿಸಿ, ಮತ್ತೆ ಹಿಡಿದಳು. “ಆನೆ ಚೆನ್ನಾಗಿದೆ” ಅಂದಳು. ಅದು ಹೊಳೆದಂಡೆಯ ಬಂಡೆ. ಪ್ರದರ್ಶನವೊಂದರಲ್ಲಿ ಬಹುಮಾನ ಬಂದದ್ದು. ನನಗೆ ಸ್ವಲ್ಪ ಸಿಟ್ಟೇ ಬಂತೆಂದು ಒಪ್ಪಿಕೊಳ್ಳುತ್ತೇನೆ.

ಬೈಂಡರ್ ನನ್ನನ್ನು ಬಾಗಿಲ ಹೊರಗೆ, ಸೂರಿನ ಕೆಳಗೆ ಕರೆದುಕೊಂಡು ಹೋದ. ಅಕ್ಕನ ಕಣ್ಣಿನ ಹಿಂದಿನ ಪರದೆ ಸಾಯುತ್ತಿದೆಯಂತೆ. ಔಷಧಿ ಇಲ್ಲ, ಆಪರೇಷನ್ ಇಲ್ಲ. ದೃಷ್ಟಿ ಒಂದು ವರ್ಷವಾದರೂ ಉಳಿಯಬಹುದೆಂದು ಬೇಸಿಗೆಯಲ್ಲಿ ಡಾಕ್ಟರು ಹೇಳಿದ್ದರಂತೆ. ಐದಾರು ತಿಂಗಳು ಕಾದರೆ ಅಕ್ಕನಿಗೆ ಬೆಟ್ಟ ಚೊಕ್ಕವಾಗಿ ಕಂಡೀತು, ಮಬ್ಬಿನಲ್ಲಿ ತೋರಿಸುವುದೇಕೆ ಎಂದು ಇವನು ಲೆಕ್ಕ ಹಾಕಿದ್ದ. ಆದರೆ ಕಣ್ಣು ವರ್ಷ ಕಾಯಲಿಲ್ಲ. ಮೂವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತು ಇವನನ್ನು ಓದಿಸಿದವಳು. ಯಂತ್ರದ ಮೇಲಿನ ಗೋಡೆಯಲ್ಲಿ ಹಿಮಬೆಟ್ಟದ ಹಳೇ ಕ್ಯಾಲೆಂಡರ್ ಇತ್ತಂತೆ. ಅಷ್ಟು ಬೆಳ್ಳಗಿರೋದು ನಿಜಾನಾ, ಬಣ್ಣ ಬಳಿದಿದ್ದಾರಾ, ಒಂದ್ಸಲ ಹೋಗಿ ನೋಡಿಬಿಡಬೇಕು ಕಣೋ ಅನ್ನುತ್ತಿದ್ದಳಂತೆ. ಬದುಕಿನಲ್ಲಿ ತನಗೆಂದು ಅವಳು ಕೇಳಿದ್ದು ಅದೊಂದೇ.

ನನಗೆ ಮೈಯೆಲ್ಲ ಉರಿದುಹೋಯಿತು. “ಇದನ್ನ ಮೊದಲೇ ಬಾಯಿಬಿಟ್ಟು ಹೇಳೋಕೆ ಏನಾಗಿತ್ತಯ್ಯಾ ನಿನಗೆ?” ಎಂದು ಕೂಗಿದೆ.

ಅವನು ತಲೆ ತಗ್ಗಿಸಿದ. “ಬರೆದಿದ್ದೆ ಸಾರ್.”

ಬೈದಿದ್ದರೆ ಚೆನ್ನಾಗಿತ್ತು. ಆ ಧ್ವನಿಯಲ್ಲಿ ದೂರೂ ಇರಲಿಲ್ಲ, ತಾನೇ ತಪ್ಪು ಮಾಡಿದವನ ಹಾಗೆ ನಿಂತಿದ್ದ. ನಾನು ಛತ್ರಿ ಬಿಚ್ಚುವುದನ್ನೂ ಮರೆತು ಮನೆಯವರೆಗೆ ನೆನೆದುಕೊಂಡೇ ಬಂದೆ.

ಮರುದಿನದಿಂದ ನನಗೆ ಒಂದೇ ಕೆಲಸ. ಗುಡ್ಡದ ಮೇಲೆ ಟೀ ಮಾರುವವನ ನಂಬರಿತ್ತು. ದಿನಾ ಬೆಳಿಗ್ಗೆ ಆರಕ್ಕೆ ಫೋನು ಮಾಡುವುದು, “ಹೇಗಿದೆಯಪ್ಪಾ?” ಅನ್ನುವುದು. “ಕೈ ಚಾಚಿದ್ರೆ ಕೈಯೇ ಕಾಣಲ್ಲ ಸಾರ್” ಅನ್ನುತ್ತಿದ್ದ. ದಾರಿಯಲ್ಲಿ ಗುಡ್ಡ ಕುಸಿದು ಬಸ್ಸು ನಿಂತವು. ಮಳೆಗೆ ಬೈದೆ, ಟೀಯವನಿಗೆ ಬೈದೆ, ಲ್ಯಾಬಿನಲ್ಲಿ ಯಾರದೋ ಮೇಲಿನ ದವಡೆಯ ಕಟ್ಟುಹಲ್ಲನ್ನು ಎರಡು ಸಲ ಕೆಡಿಸಿದೆ. ಕಣ್ಣಾಸ್ಪತ್ರೆಗೆ ಅವರ ಜೊತೆ ನಾನೂ ಹೋದೆ. ಡಾಕ್ಟರು ಅಕ್ಕನ ಕಣ್ಣಿಗೆ ದೀಪ ಹಿಡಿದು, ಕುರ್ಚಿಯನ್ನು ಹಿಂದೆ ಸರಿಸಿ, ಚೀಟಿಯಲ್ಲಿ ಏನನ್ನೂ ಬರೆಯಲಿಲ್ಲ. ಮೊದಲು ಬಾಗಿಲ ಮೇಲಿನ ದಪ್ಪಕ್ಷರ ಓದುತ್ತಿದ್ದವಳು, ಮುಂದಿನ ಸಲ ಹೋದಾಗ ಬಾಗಿಲನ್ನೇ ತಡವಿದಳು.

ಒಂದು ದಿನ ತಡೆಯಲಾರದೆ ಗುಂಪಿನಲ್ಲಿ ಎಲ್ಲವನ್ನೂ ಬರೆದೆ. ಉದ್ದಕ್ಕೆ, ಅಕ್ಕನ ಯಂತ್ರ, ಕ್ಯಾಲೆಂಡರ್, ಸೂಜಿ ಎಲ್ಲ. ಯಾರಿಗಾದರೂ ಒಳ್ಳೆ ಡಾಕ್ಟರು ಗೊತ್ತೇ, ಯಾವುದಾದರೂ ದಾರಿ ಇದೆಯೇ ಎಂದು ಕೇಳಿದೆ. ಕ್ಯಾರೆಟ್ ತಿನ್ನಿಸಿ ಎಂದೊಬ್ಬರು ಬರೆದರು. ಔಷಧಿ ಅಂಗಡಿಯವನು ಇದಕ್ಕೆ ಹನಿ ಔಷಧಿಯೂ ಇಲ್ಲ ಎಂದು ಪಾಪ ನೇರವಾಗಿ ಹೇಳಿದ. ಗುಂಪಿಗೆ ಹೊಸದಾಗಿ ಸೇರಿದ ಯಾರೋ ನಗುವ ಮುಖ ಹಾಕಿ “ಮೂರು ಸಾಲು, ಮೇಷ್ಟ್ರೇ!” ಎಂದು ಬರೆದ. ನಿಯಮ ನನ್ನದೇ.

ಕೊನೆಗೊಂದು ದಿನ ಟೀಯವನೇ ಫೋನು ಮಾಡಿದ. “ಸಾರ್, ತೆರೆದುಕೊಂಡಿದೆ. ನಾಲ್ಕು ದಿನ ಹೀಗೇ ಇರುತ್ತೆ.” ಆ ಹೊತ್ತಿಗೆ ಅಕ್ಕನಿಗೆ ಬೆಳಕು ಯಾವುದು, ಕತ್ತಲೆ ಯಾವುದು ಎನ್ನುವುದಷ್ಟೇ ತಿಳಿಯುತ್ತಿತ್ತು ಎಂದು ಬೈಂಡರ್ ಹೇಳಿದ. ಆದರೂ ಎದ್ದುಕಾಣುವ ಅಷ್ಟು ದೊಡ್ಡ ಬೆಟ್ಟ, ಅಷ್ಟು ಬಿಳಿ, ಒಂದು ಗೆರೆಯಾದರೂ ಹೊಳೆಯಬಹುದಲ್ಲ ಎಂದು ನಾವಿಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡೆವು. ಅವತ್ತೇ ವಿಮಾನ ಹತ್ತಿ, ಇಳಿದಲ್ಲಿಂದ ವ್ಯಾನ್ ಮಾಡಿಕೊಂಡು ಗುಂಪಿನ ಏಳು ಜನ ಹೊರಟೆವು, ಜೊತೆಗೆ ಅಕ್ಕ. ದಾರಿಯುದ್ದಕ್ಕೂ ಅವಳದೇ ಮಾತು. ಬ್ಯಾಂಕಿನ ಮೇಡಂ ಜೊತೆ ರವಿಕೆ ತೋಳಿನ ಅಳತೆ ಚರ್ಚಿಸಿದಳು, ಔಷಧಿಯವನ ಗೊರಕೆಗೆ ನಕ್ಕಳು. ತಿರುವು ಬಂದಾಗಲೆಲ್ಲ “ಇನ್ನೆಷ್ಟು ದೂರಾನೋ?” ಎಂದು ತಮ್ಮನನ್ನು ಕೇಳುತ್ತಿದ್ದಳು.

ಮರುದಿನ ಬೆಳಿಗ್ಗೆ ನಾವು ಮೆಟ್ಟಿಲು ಹತ್ತಿ ಮೇಲೆ ಹೋದೆವು. ಆರು ಸಲ ಬಂದಿದ್ದರೂ ಹೀಗೆ ನಾನೂ ಕಂಡಿರಲಿಲ್ಲ. ಒಂದು ಎಳೆ ಮೋಡವಿಲ್ಲ, ಆಕಾಶದ ಈ ತುದಿಯಿಂದ ಆ ತುದಿಗೆ ಬೆಟ್ಟದ ಸಾಲು ಬೆಳಗುತ್ತಾ ನಿಂತಿತ್ತು. ಎಲ್ಲರೂ ಕ್ಯಾಮೆರಾ ಎತ್ತಿದರು. ಥೂ, ನಾನೂ ಎತ್ತಿದೆ. ಇಪ್ಪತ್ತು ಮೂವತ್ತು ಫೋಟೋ ಹೊಡೆದ ಮೇಲೆಯೇ ನನಗೆ ಹಿಂದೆ ಮೆಟ್ಟಿಲಲ್ಲಿ ಬರುತ್ತಿದ್ದವರ ನೆನಪಾದದ್ದು.

ಬೈಂಡರ್ ಅಕ್ಕನ ಕೈ ಹಿಡಿದು ಒಂದೊಂದೇ ಮೆಟ್ಟಿಲು ಎಣಿಸಿ ಹತ್ತಿಸಿದ. ಕಲ್ಲುಬೆಂಚಿನ ಮೇಲೆ ಕೂರಿಸಿ, ಎರಡೂ ಭುಜ ಹಿಡಿದು ಬೆಟ್ಟದ ಕಡೆ ತಿರುಗಿಸಿದ. ಅವಳು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಬಹಳ ಹೊತ್ತು ನೋಡಿದಳು. ತಲೆಯನ್ನು ಆ ಕಡೆ ಓರೆ ಮಾಡಿದಳು, ಈ ಕಡೆ ಓರೆ ಮಾಡಿದಳು.

“ಬರೀ ಬೆಳ್ಳಗಿದೆ,” ಅಂದಳು. “ಮಂಜು ಇನ್ನೂ ಸರಿದಿಲ್ಲ ಅಲ್ವೇನೋ?”

ಬೈಂಡರ್ ನನ್ನತ್ತ ನೋಡಿದ. ಲೆನ್ಸು ಯಾವುದೆಂದು ಕೇಳುವಾಗ ನೋಡುತ್ತಿದ್ದ ಹಾಗೆಯೇ ನೋಡಿದ. ನಾನು ಕಣ್ಣು ತಪ್ಪಿಸಿದೆ.

“ಹೂಂ ಅಕ್ಕಾ,” ಅಂದ ಅವನು. “ಇನ್ನೂ ಸರಿದಿಲ್ಲ.”

“ಮತ್ತೆ ಇವರೆಲ್ಲ ಟಕ ಟಕ ಅಂತ ಏನು ಹೊಡೀತಿದ್ದಾರೆ?”

ಒಂದೊಂದಾಗಿ ಕ್ಯಾಮೆರಾಗಳು ನಿಂತವು. ಬ್ಯಾಂಕಿನ ಮೇಡಂ ಸೆರಗನ್ನು ಬಾಯಿಗೊತ್ತಿಕೊಂಡು ಆ ಕಡೆ ತಿರುಗಿದರು. ಯಾರಾದರೂ ಏನಾದರೂ ಹೇಳಲೇಬೇಕಿತ್ತು. “ಮಂಜನ್ನೇ ಅಕ್ಕಾ,” ಅಂದೆ. “ಮಂಜೂ ಚೆನ್ನಾಗಿ ಬರುತ್ತೆ ಫೋಟೋದಲ್ಲಿ.”

“ಹುಚ್ಚು ಜನ!” ಎಂದು ನಕ್ಕಳು. “ಇರಲಿ, ಕಾಯೋಣ. ಬಂದಿದ್ದೀವಲ್ಲ.”

ಕಾದೆವು. ಬಿಸಿಲೇರಿತು. ಟೀಯವನು ಲೋಟ ತಂದುಕೊಟ್ಟು, ಏನೋ ಹೇಳಲು ಬಾಯಿ ತೆರೆದ. ಔಷಧಿ ಅಂಗಡಿಯವನು ಅವನ ತೋಳು ಹಿಡಿದು ದೂರ ಕರೆದೊಯ್ದ. ಅಕ್ಕ ಮುಖವನ್ನು ಬಿಸಿಲಿಗೊಡ್ಡಿ “ಬಿಸಿಲು ಬಿತ್ತಲ್ಲೋ, ಈಗ?” ಅಂದಳು. ತಮ್ಮ ಅವಳ ಪಕ್ಕದಲ್ಲೇ ಕೂತು, ಎದುರಿಗೆ ಹೊಳೆಯುತ್ತಿದ್ದ ಶಿಖರಗಳನ್ನು ನೋಡುತ್ತಾ, ಕೆನ್ನೆ ಒರೆಸಿಕೊಳ್ಳಲೂ ಹೋಗದೆ, “ಇಲ್ಲಕ್ಕಾ, ಕೆಳಗಿನಿಂದ ಮತ್ತೆ ಏಳ್ತಾ ಇದೆ” ಅಂದ. ಧ್ವನಿಯನ್ನು ಮಾತ್ರ ಹೇಗೋ ಗಟ್ಟಿಯಾಗಿಟ್ಟುಕೊಂಡಿದ್ದ.

ಗಂಟೆ ಹತ್ತಾಯಿತು. ಅಕ್ಕ ನಿಟ್ಟುಸಿರುಬಿಟ್ಟು ಖಾಲಿ ಲೋಟವನ್ನು ಬೆಂಚಿನ ಮೇಲೆ ತಡವಿ ಇಟ್ಟಳು.

“ಮೇಷ್ಟ್ರೇ, ಇಲ್ಲೇ ಇದ್ದೀರಾ?”

“ಇದ್ದೀನಕ್ಕಾ.”

“ನೀವು ತಿಳಿದೋರು. ಬೇಜಾರು ಮಾಡ್ಕೋಬೇಡಿ, ಈ ಸಲ ನಿಮ್ಮ ಲೆಕ್ಕ ಸ್ವಲ್ಪ ತಪ್ಪಿತು. ಸರಿಯಾಗಿ ನೋಡಿ ಹೇಳಿ, ಯಾವಾಗ ಬಂದ್ರೆ ಕಾಣುತ್ತೆ?”

ಇನ್ನೂರು ಜನಕ್ಕೆ ಸಲಹೆ ಕೊಟ್ಟವನು ನಾನು, ಸುತ್ತ ನಿಂತವರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. “ಮುಂದಿನ ತಿಂಗಳು ಅಕ್ಕಾ,” ಅಂದೆ.

“ಖಂಡಿತಾನಾ?”

“ಖಂಡಿತ.”

ಅವಳು ತೃಪ್ತಿಯಿಂದ ತಲೆಯಾಡಿಸಿ ತಮ್ಮನ ಮೊಣಕಾಲನ್ನು ಹುಡುಕಿ ತಟ್ಟಿದಳು. “ಕೇಳಿಸ್ಕೊಂಡೆಯಾ? ಈಗಲೇ ಟಿಕೆಟ್ ಮಾಡಿಸಿಬಿಡು. ಈ ಸಲ ಯಾರು ಏನು ಹೇಳಿದ್ರೂ ವಾಪಸ್ ಮಾಡಬೇಡ.”

“ಆಗಲಿ ಅಕ್ಕಾ,” ಎಂದು ಅವನು ಜೇಬಿನಿಂದ ಫೋನು ತೆಗೆದ.