ಮರ್ಯಾದೆಯ ಮಾತು

"ನಮಸ್ಕಾರ, ವಸಿತಿಯವರೇ. ಚೆನ್ನಾಗಿದ್ದೀರಾ?"

ತೂಕದ ಕಟ್ಟೆಯ ಮೇಲೆ ಕೆಸುವಿನ ಗೆಡ್ಡೆಯ ಮೂಟೆ ಎಳೆದು ಹಾಕುತ್ತಿದ್ದ ವಸಿತಿ ಹಾಗೇ ನಿಂತುಬಿಟ್ಟಳು. ತನ್ನ ಹಿಂದೆ ಯಾರೋ ದೊಡ್ಡವರ ಮನೆಯ ಹೆಂಗಸು ಬಂದಿರಬೇಕು, ಮಾತು ಅವಳಿಗೇ ಇರಬೇಕು ಎಂದುಕೊಂಡು ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಜೆಟ್ಟಿಯ ತುದಿಯಲ್ಲಿ ಹಡಗು ತನ್ನ ಕಬ್ಬಿಣದ ಹಲಗೆಯನ್ನು ಇಳಿಬಿಟ್ಟುಕೊಂಡು ಲಾರಿಗಳಿಗೆ ಕಾಯುತ್ತಿತ್ತು. ಹಲಗೆಯ ಮೇಲೆ ಸಕರಾಯಾ ನಿಂತಿದ್ದ. ಹೇಳಿದ್ದು ಅವನೇ, ಹೇಳಿದ್ದು ಅವಳಿಗೇ.

"ಏನೋ ಇದು? ರಾತ್ರಿ ಯಾಂಗೋನ ಜಾಸ್ತಿ ಕುಡಿದ್ಯೇನೋ, ಥಾಕೌಂದ್ರೋವೆ ಹಂದಿ?" ಎಂದು ಅವಳು ಯಾವತ್ತಿನಂತೆ ಕೂಗಿದಳು.

ಅವನು ನಗಲಿಲ್ಲ. "ಮೊದಲು ಯಾವ ಲಾರಿ ಬಿಡಲಿ, ಮೇಡಂ? ತಾವು ಹೇಳಿದ ಹಾಗೆ," ಎಂದ. ಹೇಳುವಾಗ ಅವಳ ಮುಖ ನೋಡಲಿಲ್ಲ, ಅವಳ ಕಾಲ ಹತ್ತಿರದ ಮೂಟೆ ನೋಡುತ್ತಿದ್ದ. ತಲೆಯ ಮೇಲೆ ಕಂಪನಿಯ ಹೊಸ ನೀಲಿ ಟೋಪಿ. ಜೆಟ್ಟಿಯಲ್ಲಿ ಇನ್ನೊಬ್ಬರ ತಲೆಯ ಮೇಲೂ ಅಂಥದ್ದು ಇರಲಿಲ್ಲ.

ವಸಿತಿಯದು ರಾ ಸೀಮೆ. ಸಕರಾಯಾ ಆಚೆ ದ್ವೀಪದ ಥಾಕೌಂದ್ರೋವೆ ಸೀಮೆಯವನು. ಎರಡೂ ಕಡೆಯ ಮೂಲಪುರುಷರಿಗೆ ಯಾವ ಕಾಲದಲ್ಲೋ ಏನೋ ನಂಟು. ಅಂದಿನಿಂದ ಈ ಸೀಮೆಯವರು ಆ ಸೀಮೆಯವರನ್ನು ಕಂಡರೆ 'ದ್ರೇವು' ಎಂದು ಕೂಗಬೇಕು, ಕೂಗಿದ ಮೇಲೆ ಬೈಯಬೇಕು. ತಟ್ಟೆಯ ಮೀನು ಎತ್ತಿಕೊಂಡು ತಿಂದರೂ, ಸಭೆಯ ನಡುವೆ ಮಾನ ಹರಾಜು ಹಾಕಿದರೂ ಸಿಟ್ಟಾಗುವಂತಿಲ್ಲ; ಸಿಟ್ಟಾದವನೇ ಸೋತ. ಮರ್ಯಾದೆ ಇರುವುದು ಬೇರೆಯವರಿಗೆ, ಗುರುತಿಲ್ಲದವರಿಗೆ, ಸಾಲ ಕೊಟ್ಟವರಿಗೆ.

ಅವರಿಬ್ಬರೂ ಈ ಜೆಟ್ಟಿಯಲ್ಲಿ ಬೈದಾಡುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಅವಳು ತೂಕ ನೋಡಿ ಯಾವ ಲಾರಿ ಎಡಕ್ಕೆ, ಯಾವುದು ಬಲಕ್ಕೆ ಎಂದು ಕೂಗಬೇಕು, ಅವನು ಹಡಗಿನ ಹೊಟ್ಟೆಯೊಳಗೆ ಅದನ್ನು ಕೂರಿಸಬೇಕು. "ಎಡಕ್ಕೆ ಕಣೋ ಕುರುಡಾ, ನಿಮ್ಮೂರಲ್ಲಿ ಎಡಗೈ ಅಂದ್ರೆ ಕಾಲಾ?" ಎಂದು ಅವಳು, "ನಿಮ್ಮ ರಾದಲ್ಲಿ ಮನುಷ್ಯರಿಗಿಂತ ಮೊದಲು ಏಡಿಗಳು ಮಾತು ಕಲಿತ್ವಂತೆ, ಅವೇ ನಿಂಗೆ ಪಾಠ ಹೇಳಿದ್ದಾ?" ಎಂದು ಅವನು. ಪ್ರಯಾಣಿಕರು ಬೇಲಿಗೆ ಒರಗಿ ನಿಂತು ಪುಕ್ಕಟೆ ನಾಟಕ ನೋಡುತ್ತಿದ್ದರು. ವಸಿತಿಯ ತಾಯಿ ಸತ್ತಾಗ ಸಕರಾಯಾ ದೋಣಿ ಹಿಡಿದು ಬಂದು, ಹೆಣದ ಮುಂದೆ ಹೊಸ ಚಾಪೆಯ ಮೇಲೆ ಉದ್ದಕ್ಕೆ ಬಿದ್ದುಕೊಂಡು, "ಅಯ್ಯೋ ಮುದುಕಿ, ಈ ಬಜಾರೀನ ನನ್ನ ಕೊರಳಿಗೆ ಕಟ್ಟಿ ಹೋದ್ಯಲ್ಲೇ! ಏಳು, ಇವಳನ್ನೂ ಕರಕೊಂಡು ಹೋಗು!" ಎಂದು ಊರಿಗೆಲ್ಲ ಕೇಳುವಂತೆ ಗೋಳಾಡಿದ್ದ. ಅತ್ತೂ ಅತ್ತೂ ಒಣಗಿಹೋಗಿದ್ದ ವಸಿತಿ ಆವತ್ತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಆ ನಗು ಬರದಿದ್ದರೆ ತಾನು ಆ ರಾತ್ರಿ ಕಳೆಯುತ್ತಿರಲಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು.

ಅಂಥವನು ಈಗ 'ತಾವು' ಎನ್ನುತ್ತಿದ್ದಾನೆ. ಅವಳ ತಲೆಗೆ ಅನುಮಾನದ ಹುಳ ಹೊಕ್ಕಿತು.

ಟಿಕೆಟ್ ಕಿಂಡಿಯ ಹಿರ್ದೇಶ್ ಚಹಾ ಹೊತ್ತಿನಲ್ಲಿ ಆ ಹುಳಕ್ಕೆ ರೆಕ್ಕೆ ಕಟ್ಟಿದ. ಅವನಿಗೆ ಎಲ್ಲವೂ ಮೊದಲೇ ಗೊತ್ತಿರುತ್ತದೆ, ಅರ್ಧ ಮಾತ್ರ ಗೊತ್ತಿರುತ್ತದೆ. "ಅಕ್ಕಾ, ನಿನ್ನ ದ್ರೇವುನ ನಿನ್ನೆ ಸಂಜೆ ಮೇಲಕ್ಕೆ ಕರೆದಿದ್ರು. ಬಾಗಿಲು ಹಾಕಿದ್ರು ಕಣಕ್ಕಾ! ನನ್ನ ಕರೆದಾಗ ಬಾಗಿಲು ತೆಗೆದೇ ಇತ್ತು. ಬರುವಾಗ ಅವನ ತಲೆ ಮೇಲೆ ಟೋಪಿ ಇತ್ತು."

"ಟೋಪಿ ಎಲ್ಲರಿಗೂ ಕೊಡ್ತಾರಂತೆ."

"ಕೊಡ್ತಾರೆ. ಮೊದಲು ಯಾರಿಗೆ ಕೊಟ್ರು, ಯಾಕೆ ಕೊಟ್ರು, ಅದನ್ನ ಯೋಚನೆ ಮಾಡು."

ಮೇಲೆ ಎಂದರೆ ಜೆಟ್ಟಿ ಕಚೇರಿಯ ಮಹಡಿ. ವಾಯ್‌ತೂಯಿ ಹಡಗು ಕಂಪನಿಯನ್ನು ಹೊಸಬರು ಕೊಂಡ ಮೇಲೆ ಅಲ್ಲಿಗೆ ಕೆಲೆರಾ ಬಂದು ಕೂತಿದ್ದಳು. ಅಪ್ಪ ಲಾವು ದ್ವೀಪದವನು, ಮಗಳು ಬೆಳೆದದ್ದು ಆಕ್ಲೆಂಡಿನಲ್ಲಿ; ಮುಖ ಇಲ್ಲಿಯದು, ನಡಿಗೆ ಅಲ್ಲಿಯದು. ಗೋಡೆಗೆ ಬಣ್ಣದ ದೊಡ್ಡ ಫಲಕ ಹಾಕಿಸಿದ್ದಳು: 'ಒಂದೇ ತಂಡ, ಒಂದೇ ದಿಕ್ಕು. ಹೊತ್ತಿಗೆ ಸರಿಯಾಗಿ ಹೊರಡೋಣ, ಗೌರವದಿಂದ ದುಡಿಯೋಣ.' ಕಂಪನಿ ಮುಟ್ಟಬೇಕಾದ ಗುರಿ ಅದು, ಇನ್ನು ಮೇಲೆ ಪ್ರತಿಯೊಬ್ಬರ ಕೆಲಸವೂ ನಡೆನುಡಿಯೂ ಆ ಗುರಿಯ ಕಡೆಗೇ ಮುಖ ಮಾಡಿರಬೇಕು ಎಂದು ಮೊದಲ ದಿನವೇ ತಿಳಿಸಿ ಹೇಳಿದ್ದಳು. ಹಡಗು ಹೊತ್ತಿಗೆ ಸರಿಯಾಗಿ ಹೊರಡುವುದು ಯಾರಿಗೆ ಬೇಡ? ವಸಿತಿಯೂ ಚಪ್ಪಾಳೆ ತಟ್ಟಿದ್ದಳು. ಆಮೇಲೆ ಕೆಲೆರಾ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡಿಸಿದಳು. ಒಳ್ಳೆಯ ಹುಡುಗಿ, ಬಿಸ್ಕತ್ತು ಕೊಟ್ಟಳು. ವಸಿತಿ ಅವಳೊಂದಿಗೆ ಅರ್ಧ ಗಂಟೆ ನಗುನಗುತ್ತಾ ಹರಟೆ ಹೊಡೆದು ಬಂದಿದ್ದಳು.

ಈಗ ಆ ಬಿಸ್ಕತ್ತಿನ ಮೇಲೂ ಅನುಮಾನ ಬಂತು. ಅಂದು ಸಂಜೆಯವರೆಗೆ ವಸಿತಿ ಕೆಲಸ ಮಾಡಿದ್ದಕ್ಕಿಂತ ಕಾವಲು ಕಾದದ್ದೇ ಹೆಚ್ಚು. ಸಕರಾಯಾ ಎರಡು ಸಲ ಮೇಲಿನ ಕಿಟಕಿ ನೋಡಿದ. ಅವಳು ಹತ್ತಿರ ಹೋದಾಗ ಮೂಟೆ ಹೊರುವವರೊಂದಿಗೆ ಆಡುತ್ತಿದ್ದ ಮಾತು ನಿಲ್ಲಿಸಿದ. ಊಟಕ್ಕೆ ಅವಳ ಪಕ್ಕ ಕೂರದೆ ಹಡಗಿನೊಳಗೆ ಹೋಗಿ ತಿಂದ. ತಪ್ಪಿತಸ್ಥ ಹೀಗೇ ಅಲ್ಲವೇ ಓಡಾಡುವುದು? ನನ್ನ ಮೇಲೆ ದೂರು ಹೇಳಿದ್ದಾನೆ. ಈ ಹೆಂಗಸು ಎಲ್ಲರೆದುರು ಹಂದಿ ಅಂತಾಳೆ, ನನಗೆ ಅವಮಾನ ಆಗ್ತದೆ ಅಂತ ಹೇಳಿ, ಟೋಪಿ ಹಾಕಿಸಿಕೊಂಡು ಬಂದಿದ್ದಾನೆ. ಕೆಲಸ ಹೋಗಬಹುದೆಂಬ ಭಯ ಅವಳಿಗೆ ಆಮೇಲೆ ಹೊಳೆಯಿತು. ಮೊದಲು ಉರಿದದ್ದು ಇನ್ನೊಂದು: ಅಮ್ಮನ ಹೆಣದ ಮುಂದೆ ಬಿದ್ದು ಹೊರಳಾಡಿದವನು ಇವನೇನಾ?

ಸಂಜೆ ಕೊನೆಯ ಲಾರಿಯನ್ನು ಅವನು ಬಲಕ್ಕೆ ಹಾಕಿದ, ಅವಳು ಎಡಕ್ಕೆ ಎಂದಿದ್ದಳು. ಮೊದಲಾಗಿದ್ದರೆ ಅವನ ಏಳು ತಲೆಮಾರು ಜೆಟ್ಟಿಯ ಮೇಲೆ ಮೆರವಣಿಗೆ ಹೊರಡುತ್ತಿತ್ತು. ಅವಳು, "ದಯವಿಟ್ಟು ಎಡಕ್ಕೆ ಹಾಕಿಸ್ತೀರಾ, ಸಕರಾಯಾ ಅವರೇ," ಎಂದಳು. ಅವನ ಮುಖದ ಬಣ್ಣ ಇಳಿದದ್ದನ್ನು ನೋಡಿದಳು. ನೋಡಿ ಒಂಥರಾ ತೃಪ್ತಿಯೂ ಆಯಿತು.

ಮರುದಿನ ಬೆಳಗ್ಗೆ ಮೇಲಿನಿಂದ ಅವಳಿಗೆ ಕರೆ ಬಂತು. "ಬಾಗಿಲು ಹಾಕ್ತಾರಾ ನೋಡು," ಎಂದು ಹಿರ್ದೇಶ್ ಪಿಸುಗುಟ್ಟಿದ.

ಬಾಗಿಲು ಹಾಕಿದರು.

"ಕೂತ್ಕೊಳ್ಳಿ ಆಂಟಿ," ಎಂದಳು ಕೆಲೆರಾ. "ಇಲ್ಲಿ ನಿಮಗೆ ಯಾವ ಭಯಾನೂ ಬೇಡ."

"ಭಯ ಯಾಕೆ? ನಾನೇನು ಕದ್ದಿದೀನಾ? ನನ್ನ ಮೇಲೆ ಅವನೇನು ದೂರು ಹೇಳಿದಾನೋ ಮುಖಕ್ಕೇ ಹೇಳಮ್ಮ. ನಾನೂ ಅವನ ಮುಖಕ್ಕೇ ಉತ್ತರ ಕೊಡ್ತೀನಿ."

ಕೆಲೆರಾ ಕಣ್ಣರಳಿಸಿದಳು. "ನಿಮ್ಮ ಮೇಲಾ? ಇಲ್ಲ ಆಂಟಿ, ಉಲ್ಟಾ. ನಾವು ನಿಮ್ಮ ಪರವಾಗಿ ಕ್ರಮ ತಗೊಂಡಿದೀವಿ. ಸಕರಾಯಾ ಅವರಿಗೆ ಎಚ್ಚರಿಕೆ ಕೊಟ್ಟಾಗಿದೆ. ನಿನ್ನೆಯಿಂದ ಸರಿಯಾಗಿ ಮಾತಾಡ್ತಿದಾರೆ ತಾನೇ? ಅದನ್ನ ಕೇಳೋಕೇ ಕರೆದಿದ್ದು."

"ಎಚ್ಚರಿಕೆನಾ? ದೂರು ಕೊಟ್ಟೋರು ಯಾರು?"

"ನೀವೇ ಅಲ್ವಾ?"

"ನಾನಾ? ಯಾವಾಗ?" ಎಂದಳು ವಸಿತಿ.

"ನಿಮ್ಮ ಕೆಲಸಕ್ಕೆ ಅಡ್ಡಿ ಏನು ಅಂತ ನಾನು ಕೇಳಿದಾಗ ನೀವು ಹೇಳಿದ್ರಲ್ಲ," ಎಂದಳು ಕೆಲೆರಾ, ಗಾಯಕ್ಕೆ ಮುಲಾಮು ಹಚ್ಚುವಷ್ಟು ಮೆಲ್ಲಗೆ. "'ಆ ಥಾಕೌಂದ್ರೋವೆ ಹಂದಿನೇ ಅಡ್ಡಿ. ಅವನನ್ನ ಕಟ್ಟಿ ದೋಣಿಗೆ ಹಾಕಿ ಅವನ ದ್ವೀಪಕ್ಕೆ ಅಟ್ಟಿ, ನಿಮ್ಮ ಗುರಿ ನಾಳೆನೇ ಮುಟ್ಟುತ್ತೆ' ಅಂದ್ರಿ. ಆಮೇಲೆ ನಾನೇ ಕಿಟಕಿಲಿ ನಿಂತು ಕೇಳಿಸ್ಕೊಂಡೆ. ಅವರು ನಿಮ್ಮನ್ನ ಏನೇನು ಅಂತಾರೆ ಆಂಟಿ! ಎಷ್ಟು ವರ್ಷ ಸಹಿಸ್ಕೊಂಡ್ರೋ."

ವಸಿತಿಗೆ ಎಲ್ಲ ನೆನಪಾಯಿತು. ಹೇಳಿದ್ದಳು, ಇನ್ನೂ ಹೇಳಿದ್ದಳು. ಅವನು ಹಡಗು ಹತ್ತಿದರೆ ಹಡಗಿಗೇ ವಾಂತಿ ಬರುತ್ತದೆ ಎಂದಿದ್ದಳು. ದ್ರೇವು ಎದುರಿಗಿಲ್ಲದಾಗಲೂ ಅವನನ್ನು ಬೈಯದೆ ಬಿಟ್ಟರೆ ಅವನಿಗೇ ಅವಮಾನ. ಆವತ್ತು ಕೆಲೆರಾಳೂ ನಕ್ಕಳು ಎಂದುಕೊಂಡಿದ್ದಳು. ನಕ್ಕಿದ್ದಳೇ? ಈಗ ಯೋಚಿಸಿದರೆ ಕೋಣೆಯಲ್ಲಿ ನಕ್ಕವಳು ತಾನೊಬ್ಬಳೇ.

"ಅವನು ನನ್ನ ದ್ರೇವು ಕಣಮ್ಮ!" ಎಂದಳು. ದನಿ ತನ್ನದಲ್ಲವೇನೋ ಎನಿಸಿತು. "ನಿಮ್ಮಪ್ಪ ಲಾವುದವರಲ್ವಾ? ಹೇಳಿಕೊಟ್ಟಿಲ್ವಾ?"

"ಹೇಳಿದಾರೆ, ಹಳೇ ಕಾಲದ ತಮಾಷೆ ಅಂತ. ಆದ್ರೆ ತಮಾಷೆ ಅನ್ನೋ ಹೆಸರಲ್ಲಿ ಹೆಂಗಸರು ಎಷ್ಟು ಅಂತ ಕೇಳಿಸ್ಕೋಬೇಕು?"

"ನಾನೂ ಬೈತೀನಿ! ನಾನೇ ಜಾಸ್ತಿ ಬೈತೀನಿ!"

"ತಿರುಗಿ ಬೈಯ್ದೆ ಬೇರೆ ದಾರಿ ಇರ್ಲಿಲ್ಲ ನಿಮಗೆ. ಅರ್ಥ ಆಗುತ್ತೆ."

"ನಾನು ಹೇಳಿದ್ದೆಲ್ಲ ತಮಾಷೆಗೆ. ವಾಪಸ್ ತಗೋತೀನಿ. ಅಳಿಸಿಬಿಡು."

ಕೆಲೆರಾ ಮುಂದಕ್ಕೆ ಬಾಗಿದಳು. ಅವಳ ಕಣ್ಣಲ್ಲಿ ಈಗ ನಿಜವಾದ ಕಳವಳ. "ಆಂಟಿ, ವಾಪಸ್ ತಗೋ ಅಂತ ಅವರೇನಾದ್ರೂ ಬಂದು ಹೇಳಿದ್ರಾ? ಹೆದರಿಸಿದ್ರಾ?"

ಇಲ್ಲ ಎಂದಳು ವಸಿತಿ. ಜೋರಾಗಿ ಇಲ್ಲ ಎಂದಳು. ಜೋರಾದಷ್ಟೂ ಎದುರಿನ ಕಣ್ಣುಗಳಲ್ಲಿ ಕನಿಕರ ಹೆಚ್ಚುತ್ತಾ ಹೋಯಿತು. ತಾನು ಇನ್ನೊಂದು ಮಾತಾಡಿದರೆ ಅದೂ ಅವನ ತಲೆಗೇ ಸುತ್ತಿಕೊಳ್ಳುತ್ತದೆಂದು ತಿಳಿದು ಬಾಯಿ ಮುಚ್ಚಿಕೊಂಡಳು.

"ಅವರಿಗೆ ಒಂದು ಅವಕಾಶ ಕೊಟ್ಟಿದೀವಿ. ಟೋಪಿ ನಾನೇ ಹಾಕಿದೆ, ಮನಸ್ಸು ಕುಗ್ಗಬಾರದು ಅಂತ," ಎಂದಳು ಕೆಲೆರಾ. "ಆದ್ರೆ ಇನ್ನೊಂದು ಸಲ ಅಂಥ ಮಾತು ಅವರ ಬಾಯಿಂದ ಬಂದ್ರೆ ಅವರು ಇಲ್ಲಿರಲ್ಲ. ದೂರು ಯಾರದ್ದು ಅಂತ ನಾನು ಹೇಳಿಲ್ಲ, ಆ ಚಿಂತೆ ಬಿಡಿ."

"ಹೇಳೋದು ಬೇರೆ ಬೇಕಾ?" ಎಂದು ವಸಿತಿ ಎದ್ದಳು. "ಅವನು ಬೈಯೋ ಹೆಂಗಸು ಇಲ್ಲಿ ನಾನೊಬ್ಬಳೇ."

ಮೆಟ್ಟಿಲ ನಡುವೆ ಕಂಬಿ ಹಿಡಿದು ನಿಂತಳು. ನಿನ್ನೆ ಇಡೀ ದಿನ ತಾನು ಅವನನ್ನು ಕಳ್ಳನ ಹಾಗೆ ನೋಡಿದಳಲ್ಲ, ಅವನೂ ಅಷ್ಟೇ ಹೊತ್ತು ತನ್ನನ್ನು ಹಾಗೇ ನೋಡಿದ್ದಾನೆ. ಅವನ ಅನುಮಾನಕ್ಕೆ ಆಧಾರವಿತ್ತು. ಮೇಲಾಗಿ ಸಂಜೆ ತಾನು 'ದಯವಿಟ್ಟು' ಎಂದಾಗ ಅವನಿಗೆ ಇದ್ದ ಒಂದೆಳೆ ಸಂಶಯವೂ ಕಳೆದಿರಬೇಕು. ಹೌದು, ದೂರು ಕೊಟ್ಟವಳು ಇವಳೇ.

ಏನು ಮಾಡುವುದು? ಬೇರೆ ಯಾರಾದರೂ ಆಗಿದ್ದರೆ ಕುಡಿಯಲು ಅರೆಯುವ ಯಾಂಗೋನ ಬೇರಿನ ಕಟ್ಟನ್ನು ಕಾಣಿಕೆಯಾಗಿ ಹಿಡಿದು ಮನೆಗೆ ಹೋಗಿ, ನೆಲಕ್ಕೆ ಕೂತು ತಪ್ಪೊಪ್ಪಿಕೊಳ್ಳಬಹುದಿತ್ತು. ದ್ರೇವುಗಳ ನಡುವೆ ಕ್ಷಮೆ ಕೇಳುವ ಪದ್ಧತಿಯೇ ಇಲ್ಲ. ಕೇಳಿದರೆ ನೋವಾಗಿದೆ ಎಂದು ಒಪ್ಪಿದ ಹಾಗೆ, ಒಪ್ಪಿದರೆ ಅಲ್ಲಿಗೆ ದ್ರೇವುತನ ಮುಗಿದ ಹಾಗೆ. ಅವಳಿಗೆ ಗೊತ್ತಿದ್ದುದು ಒಂದೇ ದಾರಿ.

ಹಡಗು ಹೊರಡುವ ಹೊತ್ತಾಗಿತ್ತು. ಸಕರಾಯಾ ಹಲಗೆಯ ಮೇಲೆ ನಿಂತು ಕೊನೆಯ ಲಾರಿಗೆ ಕೈಸನ್ನೆ ಮಾಡುತ್ತಿದ್ದ. ವಸಿತಿ ಕೈಯಲ್ಲಿ ಫೋನು ಹಿಡಿದೇ ಜೆಟ್ಟಿಯುದ್ದ ಬಿರುಸಾಗಿ ನಡೆದು ಹೋಗಿ, ಸೊಂಟಕ್ಕೆ ಕೈಕೊಟ್ಟು ಅವನೆದುರು ನಿಂತಳು.

"ಏ ದ್ರೇವು! ಥಾಕೌಂದ್ರೋವೆ ಹಂದಿ! ಆ ಟೋಪಿ ಎಲ್ಲಿ ಕದ್ಯೋ? ನಿನ್ನ ಬುರುಡೆ ಮೇಲೆ ಅದು ಮಡಕೆ ಮೇಲೆ ಕೂತ ಕೋಳಿ ಥರ ಇದೆ ಕಣೋ! ಆ ಹುಡುಗಿಗೆ ನಾನು ಏನಂದೆ ಗೊತ್ತಾ? ನಿನ್ನ ಕಟ್ಟಿ ದೋಣಿಗೆ ಹಾಕಿ ಅಂದೆ! ಪಾಪ, ಅವಳು ನಿಜ ಅಂದ್ಕೊಂಡ್ಳು! ನೀನೂ ನಿಜ ಅಂದ್ಕೊಂಡ್ಯೇನೋ, ಮೊದ್ದು?"

ಬೇಲಿಯ ಹತ್ತಿರ ಯಾರೋ ಕಿಸಕ್ಕನೆ ನಕ್ಕರು. ಮೂಟೆ ಹೊರುವವರು ಕೆಲಸ ನಿಲ್ಲಿಸಿ ಸಕರಾಯಾನ ಬಾಯಿ ನೋಡಿದರು. ಅವನ ತುಟಿಯ ಮೂಲೆ ಕದಲಿತು. ವಸಿತಿ ಅದನ್ನು ಕಂಡಳು, ಆಣೆ ಮಾಡಿ ಹೇಳಬಲ್ಲಳು. ಉತ್ತರ ಅವನ ನಾಲಿಗೆಯ ತುದಿಯವರೆಗೆ ಬಂದಿತ್ತು. ಬಾರೋ, ಬೈಯೋ, ಎಂದು ಅವಳ ಇಡೀ ಮೈ ಬೇಡಿತು.

ಅವನು ಮೊದಲು ಮೇಲಿನ ಕಿಟಕಿ ನೋಡಿದ. ಆಮೇಲೆ ನಕ್ಕವರನ್ನು ನೋಡಿದ. ಕೊನೆಗೆ ಅವನ ಕಣ್ಣು ಇಳಿದು ಅವಳ ಸೊಂಟದ ಹತ್ತಿರ, ಕೈಯಲ್ಲಿದ್ದ ಫೋನಿನ ಮೇಲೆ ನಿಂತಿತು.

ಅವನೇನು ಯೋಚಿಸುತ್ತಿದ್ದಾನೆಂದು ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅವನನ್ನು ಕೆಣಕಿ ಬೈಯಿಸಿ, ಅದನ್ನು ಫೋನಿನಲ್ಲಿ ಹಿಡಿದುಕೊಳ್ಳಲು ತಾನು ಬಂದಿದ್ದೇನೆ ಎಂದು! ಫೋನನ್ನು ಪಕ್ಕದ ಮೂಟೆಯ ಮೇಲೆ ಎಸೆದು ಎರಡೂ ಅಂಗೈ ಬಿಡಿಸಿ ತೋರಿಸಿದಳು. "ಏನೂ ಇಲ್ಲ ಕಣೋ," ಎಂದಳು. ಬೈಗುಳದ ದನಿಯಲ್ಲಿ ಹೇಳಬೇಕೆಂದುಕೊಂಡದ್ದು, ಬೇರೆಯೇ ದನಿಯಲ್ಲಿ ಬಂತು.

ಸಕರಾಯಾ ಟೋಪಿಯನ್ನು ಸ್ವಲ್ಪ ಕೆಳಗೆಳೆದುಕೊಂಡ.

"ಹಿಂದೆ ಲಾರಿ ಬರ್ತಿದೆ, ಮೇಡಂ," ಎಂದ. "ಸ್ವಲ್ಪ ಈ ಕಡೆ ಸರ್ಕೊಳ್ಳಿ. ಕಾಲು ಜೋಪಾನ."

ಅವಳು ಸರಿದಳು. ಕೊಬ್ಬರಿ ಮೂಟೆ ತುಂಬಿದ ಲಾರಿ ಇಬ್ಬರ ನಡುವೆ ನಿಧಾನಕ್ಕೆ ಹತ್ತಿ ಹೋಯಿತು. ಅದು ದಾಟಿದಾಗ ಅವನು ಒಳಗೆ ಹೋಗಿದ್ದ, ಹಲಗೆ ಮೇಲಕ್ಕೇಳುತ್ತಿತ್ತು. ಹಡಗು ಹೊತ್ತಿಗೆ ಸರಿಯಾಗಿ ಹೊರಟಿತು. ವಸಿತಿ ಬಿಡಿಸಿದ ಅಂಗೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಅಲ್ಲೇ ನಿಂತಿದ್ದಳು.