ಚೊಂಬಿನ ಮೇಲಿನ ಹೆಸರು

ಕೀಬೋರ್ಡಿನಲ್ಲಿ ಎಮ್ ಅಕ್ಷರ ಸವೆದು ಹೋಗಿದೆ, ಎಷ್ಟು ಜನರ ಬೆರಳೋ, ಪಕ್ಕದ ಎನ್ ಮಾತ್ರ ನೆಟ್ಟಗಿದೆ, ಫ್ಯಾನು ಬಿಸಿಗಾಳಿಯನ್ನೇ ತಿರುವಿ ತಿರುವಿ ಮುಖಕ್ಕೆ ಹಾಕುತ್ತಿದೆ, ದುರ್ಗಿಗುಡಿಯ ಈ ಸೈಬರ್ ಕೆಫೆಯ ಪ್ಲೈವುಡ್ ಗೂಡಿನೊಳಗೆ ಸ್ಫೂರ್ತಿ ದುಪಟ್ಟಾದ ತುದಿಯಿಂದ ಕುತ್ತಿಗೆ ಒರೆಸಿಕೊಂಡಳು. ಭದ್ರಾವತಿಯಲ್ಲೂ ಕೆಫೆಯಿದೆ, ಓಲ್ಡ್ ಟೌನಿನಲ್ಲೇ, ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ, ಅದಕ್ಕೇ ಅಲ್ಲಿ ಆಗುವುದಿಲ್ಲ, ಏನಮ್ಮ ಮೂರ್ತಪ್ಪನೋರ ಮಗಳಲ್ವಾ ಎಂದು ಶುರುವಾಗುತ್ತದೆ, ಅದಕ್ಕೇ ಬಸ್ಸು ಹತ್ತಿ ಶಿವಮೊಗ್ಗ, ಅಮ್ಮನಿಗೆ ಹೇಳಿದ್ದು ಮಾರ್ಕ್ಸ್ ಕಾರ್ಡ್ ತರೋಕೆ ಅಂತ. ಪಾಸ್‌ವರ್ಡ್ ತಪ್ಪು ಎನ್ನುತ್ತದೆ ಪರದೆ, ಈ ಇಮೇಲ್ ಖಾತೆ ನಿಮ್ಮದೆಂದು ಸಾಬೀತುಪಡಿಸಿ ಎನ್ನುತ್ತದೆ — ಹುಟ್ಟಿದ ತಾರೀಕು ಕೇಳಿತು, ಕೊಟ್ಟಳು, ಪಿನ್ ಕೋಡ್ ಕೇಳಿತು, ಕೊಟ್ಟಳು, ನೀವು ಹೆಚ್ಚಾಗಿ ಪತ್ರ ಬರೆಯುವ ಮೂವರ ವಿಳಾಸ ಕೊಡಿ. ಮೂವರು! ಅವಳು ಬರೆದದ್ದೆಲ್ಲ ಅವಳಿಗೇ, ಕಾಗದದ ಡೈರಿಯನ್ನು ಅಣ್ಣ ಊಟದ ಹೊತ್ತಿನಲ್ಲಿ ಗಟ್ಟಿಯಾಗಿ ಓದಿ ಮನೆಮಂದಿಯನ್ನೆಲ್ಲ ನಗಿಸಿದ ಮೇಲೆ ಎಲ್ಲವೂ ಇಲ್ಲಿ, ತನ್ನಿಂದ ತನಗೆ, ತನ್ನದೇ ವಿಳಾಸ ಹಾಕಿದಳು, ಇದು ಬೇಡ, ಬೇರೆಯವರದು ಕೊಡಿ. ಬೇರೆಯವರು ಯಾರೂ ಇಲ್ಲ ಎಂದು ಬರೆಯಲು ಅಲ್ಲಿ ಜಾಗವಿಲ್ಲ.

ಖಾತೆ ಕದ್ದವನು ಯಾರೆಂದು ಗೊತ್ತು, ಮೊನ್ನೆ ಫೋನಿನಲ್ಲಿ ಅವನೇ ಹೇಳಿದ, ಪ್ರಸನ್ನಕುಮಾರ, ಈ ಭಾನುವಾರ ಅವಳ ನಿಶ್ಚಿತಾರ್ಥ ಯಾರ ಜೊತೆಯೋ ಅವನು, ಏನ್ರೀ, ನನ್ ನಗು ಕೆಟ್ಟು ನಿಂತ ಲಗೇಜ್ ಆಟೋನ ಸ್ಟಾರ್ಟ್ ಮಾಡ್ದಂಗಿದ್ಯಂತೆ? — ಅವಳು ಬರೆದುಕೊಂಡ ಸಾಲು, ಒಂದಕ್ಷರ ಬಿಡದೆ, ಹೇಳಿ ಅದೇ ನಗು ನಕ್ಕ. ನನ್ ಮೇಲ್ ಓದಿದ್ರಾ? ಓದ್ದೆ, ಏನೀಗ, ಮದ್ವೆ ಆಗೋರ ಮಧ್ಯೆ ಗುಟ್ಟೇನು ಮಾರಾಯ್ತಿ, ಪಾಸ್‌ವರ್ಡ್ ಬದಲಾಯಿಸಿದೀನಿ, ನನ್ ಹತ್ರಾನೇ ಇರ್ಲಿ, ಎಂಎ ಮಾಡ್ಬೇಕಂತೆ, ಮೈಸೂರಿಗೆ ಹೋಗ್ಬೇಕಂತೆ, ನಾನ್ ಬೇಡ್ವಂತೆ, ನಿಮ್ಮಪ್ಪಂಗೆ ಓದಿ ಹೇಳ್ಲಾ? ಅಯ್ಯೋ ತಮಾಷೆಗಂದೆ. ಅಡುಗೆಮನೆಯಿಂದ ಅಮ್ಮ, ಪ್ರಸನ್ನನಾ, ಊಟ ಆಯ್ತಾ ಕೇಳೇ. ಕೇಳಿದಳು. ಥೂ, ಕೇಳಿದಳಲ್ಲ!

ಒಳಗೆ ಹೇಗೆ ಹೋದ ಎಂಬುದು ಮಾತ್ರ ಗೊತ್ತಾಗಿರಲಿಲ್ಲ, ಕಾಲೇಜಿನಲ್ಲಿ ಜೊತೆಗೆ ಕೂತು ಖಾತೆ ತೆರೆದುಕೊಟ್ಟ ಮಧುಶ್ರೀಯ ಮೇಲೆ ಹಾರಿಬಿದ್ದಳು, ಆಣೆ ನಾನಲ್ಲ ಕಣೇ ಎಂದು ಅತ್ತಳು ಅವಳು, ನಂಬಲಿಲ್ಲ — ಈಗ ಪರದೆಯ ಮೇಲೆ, ಅವಳೇ ಎಂದೋ ಆರಿಸಿ ಮರೆತುಬಿಟ್ಟ ಪ್ರಶ್ನೆ: ನಿಮ್ಮ ತಾಯಿಯ ಮದುವೆಗೆ ಮುಂಚಿನ ಹೆಸರೇನು?

ಯಾರಿಗೂ ಗೊತ್ತಿಲ್ಲವೆಂದೇ ಆರಿಸಿದ್ದು. ಅಮ್ಮ ಮಹಾಂತಮ್ಮ, ಅಮ್ಮನ ಅತ್ತೆಯೂ ಮಹಾಂತಮ್ಮ, ಅತ್ತೆಯ ಹೆಸರು ಹಿಡಿದು ಸೊಸೆಯನ್ನು ಹೇಗೆ ಕೂಗುವುದು, ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರವಿ ಉಂಗುರದಿಂದ ಜಯಶೀಲಾ ಎಂದು ಬರೆಸಿದರು, ಮುಗಿಯಿತು, ಅಕ್ಕಿ ಡಬ್ಬಿಗೆ ಹೋಯಿತು. ಹಳೆಯ ಹೆಸರು ಉಳಿದದ್ದು ತವರಿಂದ ಬಂದ ಹಿತ್ತಾಳೆ ಚೊಂಬಿನ ಮೇಲೊಂದೇ, ಚುಕ್ಕಿ ಚುಕ್ಕಿಯಾಗಿ ಕೊರೆದದ್ದು, ಸ್ಫೂರ್ತಿ ಅಕ್ಷರ ಕಲಿತದ್ದೇ ಆ ಚುಕ್ಕಿಗಳ ಮೇಲೆ ಬೆರಳಾಡಿಸಿ, ಮ, ಹಾಂ, ತ — ಹೆಣ್ಣು ನೋಡಲು ಬಂದ ದಿನ ಪ್ರಸನ್ನನಿಗೆ ನೀರು ಕೊಟ್ಟದ್ದು ಅದೇ ಚೊಂಬಿನಲ್ಲಿ. ಕೊಟ್ಟವಳು ಅವಳೇ. ಅವನು ಕುಡಿದು ಮುಗಿಸಿ ಚೊಂಬು ತಿರುಗಿಸಿದ, ಹೆಬ್ಬೆರಳು ಅಕ್ಷರಗಳ ಮೇಲೆ ನಿಧಾನ ಹೋಯಿತು, ಇದ್ಯಾರು ಅತ್ತೆ, ಮಹಾಂತಮ್ಮ? ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಹುಡುಗಿಯ ಹಾಗೆ ಕೆಂಪಾದಳು, ನಾನೇ ಕಣಪ್ಪ, ಮದ್ವೆಗೆ ಮುಂಚೆ. ಅಂದು ಸಂಜೆ ಅಮ್ಮ, ನಿಮ್ಮಪ್ಪ ಒಂದಿನ ಕೇಳಿದ್ದಿಲ್ಲ ಕಣೇ, ಈ ಹುಡ್ಗ ಕೇಳ್ದ ನೋಡು, ಇಂಥೋನು ಸಿಗ್ತಾನಾ? ಅಂದಿನಿಂದ ಹಿತ್ತಲಲ್ಲಿ ಕೂತು ಹುಣಸೆಹಣ್ಣು ಹಚ್ಚಿ ಆ ಚೊಂಬನ್ನು ಉಜ್ಜುತ್ತಲೇ ಇದ್ದಾಳೆ, ಹೆಸರು ಎದುರಿಗೆ ಕಾಣುವ ಹಾಗೆ ಗೂಡಿನಲ್ಲಿಡುತ್ತಾಳೆ.

ಸವೆದ ಕೀಯನ್ನು ಹುಡುಕಿ ಹುಡುಕಿ ಒತ್ತಿದಳು, ಮಹಾಂತಮ್ಮ. ಉತ್ತರ ಸರಿಯಿಲ್ಲ. ಮತ್ತೆ, ಒಂದೊಂದೇ ಅಕ್ಷರ. ಉತ್ತರ ಸರಿಯಿಲ್ಲ — ಇದೇ ಹೆಸರು ಕೊಟ್ಟು ಒಳಗೆ ಹೋದವನು ಈಗ ಅದನ್ನೂ ಬದಲಾಯಿಸಿದ್ದಾನೆ, ಒಮ್ಮೆ ಅಜ್ಜಿ, ಈಗ ಇವನು, ಪಾಪ, ಎಷ್ಟು ಸಲ ಅಳಿಸುತ್ತಾರೆ ಅದನ್ನು. ಮೇಡಂ ಟೈಮ್ ಆಯ್ತು, ಇನ್ನರ್ಧ ಗಂಟೆ ಹಾಕ್ಲಾ? ಬೇಡ, ಎಂದಳೋ, ಎನ್ನಲಿಲ್ಲವೋ. ಮನೆಗೆ ಹೋಗಿ ಒಲ್ಲೆ ಎನ್ನಬೇಕು, ಇವತ್ತೇ, ಬಾಗಿಲಲ್ಲೇ, ಯಾಕೇ ಎನ್ನುತ್ತಾಳೆ ಅಮ್ಮ, ಹುಣಸೆಯ ಕೈಯಲ್ಲೇ ಎದ್ದು ಬಂದು, ಯಾಕೆಂದರೆ ಅಮ್ಮಾ, ನಿನ್ನ ಹೆಸರು — ನಿನ್ನ ಹೆಸರು ಕೇಳಿದನಲ್ಲ, ಅವತ್ತು — ಚೊಂಬು ತಿರುಗಿತು, ಹೆಬ್ಬೆರಳು, ಚುಕ್ಕಿಗಳ ಮೇಲೆ, ನಿಧಾನ, ಮ, ಹಾಂ, ತ — ಅಮ್ಮ ಕೆಂಪಾದಳು — ಆ ಮುಖಕ್ಕೆ ಇದನ್ನು ಹೇಗೆ ಹೇಳುವುದು — ಹೆಬ್ಬೆರಳು —