ಬೆನ್ನಿನ ಪುಡಿ

ಮಲ್ಲಿಕಾರ್ಜುನಪ್ಪನನ್ನು ಬೆಂಗಳೂರಿನ ಆಸ್ಪತ್ರೆಯಿಂದ ಬುಕ್ಕಾಂಬುಧಿಗೆ ಕರೆತಂದ ದಿನ ಊರಿನ ಅರ್ಧ ಜನ ಬಂದು ಅವನ ಬೆನ್ನು ನೋಡಿದರು. ಉಳಿದರ್ಧ ಮಾರನೆಯ ದಿನ ನೋಡಿದರು. ಎಂಬತ್ತಮೂರನೆಯ ಇಸವಿಯ ಬೇಸಿಗೆ ಅದು. ಅಜ್ಜಂಪುರದ ಮಂಡಿಯಲ್ಲಿ ಕೊಬ್ಬರಿ ಮೂಟೆಗಳು ಜಾರಿ ಮೇಲೆ ಬಿದ್ದು ಅವನ ಬೆನ್ನುಮೂಳೆ ಮುರಿದಿತ್ತು. ಡಾಕ್ಟರು ಬೆನ್ನು ಕೊಯ್ದು, ಮೂಳೆಯ ಎರಡು ಪಕ್ಕಕ್ಕೂ ಸ್ಟೀಲಿನ ಕಂಬಿ ಕೂರಿಸಿ, ಹೊಲಿಯುವ ಮುಂಚೆ ಗಾಯದೊಳಗೆಲ್ಲ ಬಿಳಿಯ ಪುಡಿ ಉದುರಿಸಿದ್ದರು. ಆ ಕಂಬಿಗೆ ಕೀವು ತಗುಲಿದರೆ ತೆಗೆಯಲೇಬೇಕಾಗುತ್ತದೆ, ತೆಗೆದರೆ ಇವರು ಎದ್ದು ನಡೆಯುವುದು ಅನುಮಾನ ಎಂದು ಹೆಂಡತಿ ತೀರ್ಥಮ್ಮನನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದರು. ಹೊಲಿಗೆಯ ಕೆಳತುದಿಯಲ್ಲಿ ಕೆಟ್ಟ ರಕ್ತ ಇಳಿದುಹೋಗಲೆಂದು ರಬ್ಬರ್ ನಳಿಕೆ ಇಟ್ಟು ತೆಗೆದ ಜಾಗ ಇನ್ನೂ ಕೂಡಿರಲಿಲ್ಲ. ಅಲ್ಲಿಗೆ ಬೆಳಿಗ್ಗೆ ಸಂಜೆ ಉದುರಿಸಲು ಅದೇ ಆಂಟಿಬಯಾಟಿಕ್ ಪುಡಿಯ ಎರಡು ಸೀಸೆ ಕೊಟ್ಟು, ಬೇರೇನೂ ಮುಟ್ಟಿಸಬೇಡಿ ಎಂದಿದ್ದರು.

ಊರಿನವರು ಅದಕ್ಕೆ ಬೆನ್ನಿನ ಪುಡಿ ಎಂದು ಹೆಸರಿಟ್ಟರು. ಮುರಿದ ಬೆನ್ನನ್ನೇ ಕೂಡಿಸಿದ ಪುಡಿ ಎಂದಮೇಲೆ ಕುರು, ಕಜ್ಜಿ ಯಾವ ಲೆಕ್ಕ? ಮೊದಲು ಕೇಳಿದವಳು ಪಕ್ಕದ ಮನೆಯ ಈರಕ್ಕ. ಅವಳ ಮೊಮ್ಮಗಳ ತಲೆತುಂಬ ಹುಣ್ಣು. ಮೂಟೆ ಬಿದ್ದ ದಿನ ಮಲ್ಲಿಕಾರ್ಜುನಪ್ಪನನ್ನು ಹಲಗೆಯ ಮೇಲೆ ಮಲಗಿಸಿ ಲಾರಿಗೆ ಹತ್ತಿಸಿದವನು, ಆಸ್ಪತ್ರೆಯ ವರಾಂಡದಲ್ಲಿ ವಾರವಿಡೀ ಬಿದ್ದುಕೊಂಡಿದ್ದವನು ಈರಕ್ಕನ ಗಂಡ ಸಣ್ಣಬೀರಪ್ಪ. ಈಗಲೂ ರೋಗಿಯನ್ನು ಮಗ್ಗುಲು ಹೊರಳಿಸಬೇಕಾದಾಗಲೆಲ್ಲ ಗೋಡೆಯಾಚೆಯಿಂದ ಕೂಗಿದರೆ ಬರುವವನು ಅವನೇ. ಅಂಥವರ ಮಗುವಿಗೆ ಒಂದು ಚಿಟಿಕೆ ಇಲ್ಲ ಎನ್ನುವುದು ಹೇಗೆ? ಅವಳಿಗೆ ಕೊಟ್ಟಮೇಲೆ ಹಾಲು ಹಾಕುವವರಿಗೆ, ಹುಲ್ಲು ತಂದುಕೊಟ್ಟವರಿಗೆ, ಎತ್ತಿನ ಹೆಗಲು ಕಿತ್ತುಹೋಗಿದೆ ಎಂದು ಬಂದ ಮುದ್ದಪ್ಪನಿಗೆ. ಮೊಸರಿಗೆ ಹೆಪ್ಪು ಕೇಳುವ ಹಾಗೆ ಕೈಯಲ್ಲಿ ಎಲೆ ಹಿಡಿದುಕೊಂಡು ಬರುತ್ತಿದ್ದರು. ಆರೇ ದಿನಕ್ಕೆ ಒಂದು ಸೀಸೆ ಖಾಲಿಯಾಯಿತು. ಅಜ್ಜಂಪುರದ ಅಂಗಡಿಯಲ್ಲಿ ಆ ಪುಡಿಯ ಹೆಸರೇ ಕೇಳಿರಲಿಲ್ಲ. ಕಡೂರಿನಲ್ಲಿ ಬೆಂಗಳೂರಿಗೆ ಬರೆದು ತರಿಸಬೇಕು ಎಂದರು.

ತೀರ್ಥಮ್ಮನಿಗೆ ಆಗ ನಿದ್ದೆಯೆಂಬುದೇ ಇರಲಿಲ್ಲ. ಎರಡು ಗಂಟೆಗೊಮ್ಮೆ ಗಂಡನನ್ನು ಹೊರಳಿಸಬೇಕು, ಮಲ ಮೂತ್ರ ತೆಗೆಯಬೇಕು, ಬಟ್ಟೆ ಒಗೆಯಬೇಕು, ದನಕ್ಕೆ ನೀರು ತೋರಿಸಬೇಕು, ನೋಡಲು ಬಂದವರಿಗೆಲ್ಲ ಕಾಫಿ ಕಾಯಿಸಿ ಮೂಟೆ ಬಿದ್ದ ಕಥೆಯನ್ನು ಮೊದಲಿನಿಂದ ಹೇಳಬೇಕು. ರೋಗಿಗಿಂತ ರೋಗಿಯನ್ನು ನೋಡಲು ಬರುವವರದೇ ಹೆಚ್ಚಿನ ಚಾಕರಿ. ಹೀಗಿರುವಾಗ ಅವಳಿಗೆ ಒಂದು ಉಪಾಯ ಹೊಳೆಯಿತು. ದೇವರ ಗೂಡಿನಲ್ಲಿದ್ದ ವಿಭೂತಿ ಗಟ್ಟಿಯನ್ನು ನುಣ್ಣಗೆ ಅರೆದು, ಬಟ್ಟೆಯಲ್ಲಿ ಸೋಸಿ, ಖಾಲಿ ಸೀಸೆಗೆ ತುಂಬಿದಳು. ಅದನ್ನು ಪಡಸಾಲೆಯ ಗೂಡಿನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಳು. ನಿಜವಾದ ಸೀಸೆ ಅಡುಗೆಮನೆಯ ರಾಗಿ ಮಡಕೆಯೊಳಕ್ಕೆ ಹೋಯಿತು. ಮಠದಿಂದ ಬಂದ ವಿಭೂತಿ, ಯಾರಿಗೂ ಕೆಡುಕಾಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಅತ್ತೆ ಕರಿಬಸಮ್ಮನಿಗೆ ಮಾತ್ರ ಹೇಳಲಿಲ್ಲ. ಅತ್ತೆಗೆ ಹೇಳಿದರೆ ಊರಿಗೆ ಡಂಗುರ ಹೊಡೆಸಿದಂತೆಯೇ.

ಜನ ಬಂದರು, ವಿಭೂತಿ ಒಯ್ದರು. ತಮಾಷೆಯೆಂದರೆ ಕುರುಗಳು ಒಣಗಿದವು ಕೂಡ. ಈರಕ್ಕ ಮತ್ತೆ ಎರಡು ಸಲ ಬಂದು ಒಯ್ದಳು, ಮೊಮ್ಮಗಳು ಈಗ ಅಳುವುದಿಲ್ಲ ಎಂದು ಒಂದು ಸೇರು ಅವರೆಕಾಳು ತಂದಿಟ್ಟಳು. ತೀರ್ಥಮ್ಮ ಅದನ್ನು ತೆಗೆದುಕೊಂಡಳು. ನಾಚಿಕೆಪಡುವುದಕ್ಕೂ ಮೈಯಲ್ಲಿ ಸ್ವಲ್ಪ ಶಕ್ತಿ ಬೇಕು.

ಒಂದು ಸಂಜೆ ಅವಳು ಒಲೆಯ ಮುಂದೆ ಕೂತಲ್ಲೇ ತೂಕಡಿಸಿ ಬೀಳುವಂತಾದಾಗ ಕರಿಬಸಮ್ಮ ಅವಳ ತೋಳು ಹಿಡಿದು ಎಬ್ಬಿಸಿ, ಸಂಜೆಯ ಪುಡಿ ತಾನು ಹಾಕುತ್ತೇನೆ, ನೀನು ಒಂದು ಗಳಿಗೆ ಮಲಗು ಎಂದಳು. ಮುದುಕಿಗೆ ಕಣ್ಣು ಮಂಜು, ಕೈ ಮಾತ್ರ ಹಗುರ. ಮದುವೆಯಾಗಿ ಬಂದ ಹದಿನಾರು ವರ್ಷದಲ್ಲಿ ಅತ್ತೆ ಹೇಳಿದ ಅಷ್ಟು ಹಿತವಾದ ಮಾತು ಮತ್ತೊಂದಿರಲಿಲ್ಲ. ಯಾವ ಸೀಸೆ ಎಂದು ಅತ್ತೆ ಕೇಳಲಿಲ್ಲ, ಸೊಸೆ ಹೇಳಲಿಲ್ಲ. ತೀರ್ಥಮ್ಮ ಚಾಪೆಯ ಮೇಲೆ ಬಿದ್ದವಳು ಸತ್ತವರ ಹಾಗೆ ನಿದ್ದೆ ಮಾಡಿದಳು. ಮಾರನೆಯ ಸಂಜೆಯೂ ಹಾಗೇ, ಅದರ ಮಾರನೆಯ ಸಂಜೆಯೂ ಹಾಗೇ. ಬೆಳಗಿನ ಪುಡಿಯನ್ನೂ ಅತ್ತೆಯೇ ಹಾಕತೊಡಗಿದಳು.

ನಾಲ್ಕನೆಯ ದಿನ ಬೆಳಿಗ್ಗೆ ಮಲ್ಲಿಕಾರ್ಜುನಪ್ಪನ ಮೈ ಕೆಂಡವಾಗಿತ್ತು. ಪಟ್ಟಿ ಬಿಚ್ಚಿದರೆ ನಾತ. ನಳಿಕೆಯ ತೂತಿನ ಸುತ್ತ ಕೆಂಪಗೆ ಊದಿಕೊಂಡು, ಬೂದುಬಣ್ಣದ ಹೆಕ್ಕಳೆಯ ಕೆಳಗಿನಿಂದ ಕೀವು ಇಳಿಯುತ್ತಿತ್ತು. ತೀರ್ಥಮ್ಮ ಪಡಸಾಲೆಗೆ ಬಂದು ಗೂಡು ನೋಡಿದಳು. ಎರಡು ದಿನದಿಂದ ಯಾರೂ ಕೇಳಲು ಬಂದಿರಲಿಲ್ಲ, ಆದರೂ ಸೀಸೆಯಲ್ಲಿ ಕಾಲುಭಾಗ ಕಡಿಮೆಯಾಗಿತ್ತು. ಅತ್ತೆ ಜಗಲಿಯಲ್ಲಿ ಕೂತು, ಮಗನಿಗೆ ಈಗ ಹೇಗಿದೆ ಎಂದು ಕೇಳುತ್ತಿದ್ದಳು.

ಸಣ್ಣಬೀರಪ್ಪ ಅಜ್ಜಂಪುರದಿಂದ ಈರುಳ್ಳಿ ಸಾಗಿಸುವ ಟೆಂಪೊ ತಂದ. ರೋಗಿಯನ್ನು ಮಂಚದ ಸಮೇತ ಹತ್ತಿಸಿ ತರೀಕೆರೆಯ ಡಾಕ್ಟರ್ ಓಂಕಾರಮೂರ್ತಿಯವರ ದವಾಖಾನೆಗೆ ಒಯ್ದರು. ದಾರಿಯುದ್ದಕ್ಕೂ ಗಂಡ ನರಳಿದ. ತೀರ್ಥಮ್ಮ ಅವನ ಕಾಲು ಹಿಡಿದುಕೊಂಡು, ಎದುರಿಗೆ ಕೂತಿದ್ದ ಸಣ್ಣಬೀರಪ್ಪನ ಮುಖ ನೋಡಲಾರದೆ ಈರುಳ್ಳಿ ಸಿಪ್ಪೆಗಳನ್ನು ನೋಡುತ್ತ ಕೂತಳು.

ಡಾಕ್ಟರು ಗಾಯ ನೋಡಿದವರೇ, ಇದಕ್ಕೆ ಏನು ಹಾಕಿದ್ದೀರಿ ಎಂದು ಕೇಳಿದರು.

"ಒಳ್ಳೇ ಪುಡೀನೇ ಹಾಕವ್ರೆ ಸಾರ್, ಬೆಂಗ್ಳೂರಿಂದು. ನಮ್ ಮೊಮ್ಮಗೀಗೂ ಅದೇ ಕೊಟ್ಟಿದ್ರು, ವಾಸಿ ಆಗೋಯ್ತು" ಎಂದ ಸಣ್ಣಬೀರಪ್ಪ.

ಡಾಕ್ಟರು ತಲೆಯಾಡಿಸಿದರು. ಆ ಪುಡಿ ಸರಿಯಾಗಿ ಹಾಕಿಯೂ ಹೀಗಾಗಿದ್ದರೆ ಕೀವು ಒಳಗಿನಿಂದ, ಕಂಬಿಯ ಹತ್ತಿರದಿಂದ ಬಂದಿದೆ ಎಂದರ್ಥ, ಈಗಲೇ ಬೆಂಗಳೂರಿಗೆ ಹೊರಡಿಸಬೇಕು. ಹೊರಗಿನಿಂದ ಏನಾದರೂ ಸೇರಿದ್ದರೆ ಇಲ್ಲೇ ತೆರೆದು ತೊಳೆಯಬಹುದು ಎಂದರು. ಮನೆಯಲ್ಲಿ ಮುದುಕಿಯರಿದ್ದರೆ ಬೂದಿ ಗೀದಿ ಹಾಕಿರುತ್ತಾರೆ, ನಿಜ ಹೇಳಿ ಎಂದು ಮೆತ್ತಗೆ ಸೇರಿಸಿದರು. ಹೌದು, ಅತ್ತೆಯೇ ಹಾಕಿದರು ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ.

"ವಿಭೂತಿ ಡಾಕ್ಟ್ರೇ" ಎಂದಳು ತೀರ್ಥಮ್ಮ. "ನಾನೇ ಅರೆದು ಆ ಸೀಸೆಗೆ ತುಂಬಿದ್ದೆ. ಕೇಳೋಕೆ ಬರೋರಿಗೆ ಕೊಡಕ್ಕೆ ಅಂತ. ಅತ್ತೆಗೆ ಹೇಳಿರ್ಲಿಲ್ಲ. ಅವ್ರು ಅದನ್ನೇ ನಿಜವಾದ್ದು ಅನ್ಕೊಂಡು ಹಾಕಿದ್ರು."

ಸಣ್ಣಬೀರಪ್ಪ ಮಂಚದಿಂದ ಮೇಜಿಗೆ ರೋಗಿಯನ್ನು ಎತ್ತಬೇಕಾಗಿತ್ತು. ಎತ್ತಿದ. ಎತ್ತಿ ಹೊರಗೆ ಹೋದ.

ಮುಕ್ಕಾಲು ಗಂಟೆಯ ಮೇಲೆ ಡಾಕ್ಟರು ಕೈ ತೊಳೆದುಕೊಳ್ಳುತ್ತ ಬಂದರು. ಕೀವು ಚರ್ಮದ ಕೆಳಗೇ ನಿಂತಿದೆ, ಕಂಬಿಯವರೆಗೆ ಇಳಿದ ಹಾಗೆ ಕಾಣಲಿಲ್ಲ, ಚೆನ್ನಾಗಿ ತೊಳೆದು ನಮ್ಮಲ್ಲಿದ್ದ ಔಷಧಿ ಪುಡಿ ತುಂಬಿದ್ದೇನೆ, ಇಂಜೆಕ್ಷನ್ನೂ ನಡೆಯಲಿ, ಹತ್ತು ದಿನ ಇಲ್ಲೇ ಇರಬೇಕು ಎಂದರು. ವಿಭೂತಿ ಎಂದು ತಿಳಿಯದಿದ್ದರೆ ಬೆಂಗಳೂರಿನ ದಾರಿಯಲ್ಲೇ ಒಂದು ದಿನ ಹೋಗುತ್ತಿತ್ತು, ಅಷ್ಟರಲ್ಲಿ ಕಂಬಿಗೂ ಇಳಿಯುತ್ತಿತ್ತು ಎಂದೂ ಹೇಳಿದರು. ತೀರ್ಥಮ್ಮನಿಗೆ ಅಳು ಬರಬೇಕಿತ್ತು, ಬರಲಿಲ್ಲ.

ಸಣ್ಣಬೀರಪ್ಪ ದವಾಖಾನೆಯ ಮೆಟ್ಟಿಲ ಮೇಲೆ ಕೂತಿದ್ದ. ಅವಳು ಹೋಗಿ ಸ್ವಲ್ಪ ದೂರದಲ್ಲಿ ಕೂತಳು. ಬೈದುಬಿಟ್ಟರೆ ಸಾಕಾಗಿತ್ತು.

"ನಮ್ ಮಗೂಗೂ ಅದೇನಾ?"

"ಮೊದಲ್ನೇ ಸಲ ನಿಜವಾದ್ದೇ ಕೊಟ್ಟಿದ್ದೆ ಬೀರಣ್ಣ. ಆಮೇಲಿನ ಎರಡು ಸಲ ಅದೇ."

ಅವನು ಟವೆಲಿನಿಂದ ಮುಖ ಒರೆಸಿಕೊಂಡ. "ಇಲ್ಲ ಅಂದಿದ್ರೆ ಆಗೋಗ್ತಿತ್ತಲ್ಲ ತೀರ್ಥಮ್ಮಾರೆ. ಈರಿ ಎರಡು ದಿನ ಮುಖ ಊದಿಸ್ಕೊಂಡಿರೋಳು, ಅಷ್ಟೇ."

"ಇಲ್ಲ ಅನ್ನೋಕೂ ತ್ರಾಣ ಇರ್ಲಿಲ್ಲ ಕಣಣ್ಣ."

ಟೆಂಪೊದವನು ಹೊರಡುವ ಆತುರದಲ್ಲಿದ್ದ. ಸಣ್ಣಬೀರಪ್ಪನಿಗೂ ದನ ಕಟ್ಟುವ ಹೊತ್ತಾಗಿತ್ತು. ಎದ್ದವನು ಅರ್ಧಕ್ಕೆ ನಿಂತ.

"ಅಜ್ಜಿ ಕೇಳ್ತದೆ. ಏನಂತ ಹೇಳ್ಲಿ?"

ಕರಿಬಸಮ್ಮ ಜಗಲಿಯ ಮೇಲೆ ಟೆಂಪೊ ಸದ್ದಿಗೆ ಕಿವಿ ಕೊಟ್ಟು ಕೂತಿರುತ್ತಾಳೆ. ತನ್ನ ಕೈಯಿಂದಲೇ ಹೀಗಾಯಿತೆಂದು ತಿಳಿದರೆ ಆ ಮುದುಕಿ ಮತ್ತೆ ಅನ್ನ ಮುಟ್ಟುವುದಿಲ್ಲ.

"ಬೆವರಿಗೆ ಕೀವಾಯ್ತಂತೆ ಅನ್ನು."

"ಇನ್ನೊಂದ್ ಸುಳ್ಳಾ?"

"ಇದೊಂದು ನೀನು ಹೇಳ್ಬಿಡಣ್ಣ. ನನ್ ಕೈಲಿ ಇನ್ನಾಗಲ್ಲ."

ಸಣ್ಣಬೀರಪ್ಪ ಟವೆಲನ್ನು ಹೆಗಲಿಗೆ ಹಾಕಿಕೊಂಡು, "ಬೆವರಿಗೆ" ಎಂದು ತನ್ನಷ್ಟಕ್ಕೆ ಒಂದು ಸಲ ಹೇಳಿ ನೋಡಿ, ಟೆಂಪೊ ಹತ್ತಿದ.